ಭಾವಶುದ್ಧಿಯೊಂದೇ ಸಾಕೆ?

"ಭಾವ ಶುದ್ಧವಾಗಿದ್ದರೆ ಸಾಕು, ಮಿಕ್ಕದ್ದನ್ನು ಶಿವನು ನೋಡಿಕೊಳ್ಳುತ್ತಾನೆ" ಎಂಬ ಮಾತನ್ನು ಸದ್ಭಕ್ತರಾದ ನೀವು ಮಠದ ಅಂಗಳದಲ್ಲಿ ಎಷ್ಟೋ ಸಲ ಕೇಳಿರುವಿರಿ. ನಾವೂ ಎಷ್ಟೋ ಸಲ ಆಡಿರುವೆವು. ಸೇವೆಗೆಂದು ಬಂದವರ ಕೆಲಸದಲ್ಲಿ ಕೊರತೆ ಕಂಡಾಗ, ಅವರ ಮನಸ್ಸು ನೋಯದಿರಲೆಂದು, ಈ ಮಾತು ನಾಲಗೆಗೆ ಸುಲಭವಾಗಿ ಬಂದುಬಿಡುತ್ತದೆ. ಆದರೆ ಇದು ಪೂರ್ಣ ಸತ್ಯವೆ? ಒಳ್ಳೆಯ ಮನಸ್ಸಿನಿಂದ ಕೆಟ್ಟದಾಗಿ ಮಾಡಿದ ಕೆಲಸವನ್ನು ಒಳ್ಳೆಯ ಕೆಲಸವೆಂದು ಕರೆಯಬಹುದೆ? ಈ ಪ್ರಶ್ನೆ ನಮಗೆ ಎದುರಾದುದು ಗ್ರಂಥಗಳ ನಡುವೆ ಅಲ್ಲ. ಚಾಮುಂಡಿ ಬೆಟ್ಟದ ಪಾದದ ಬಳಿ, ಒಂದು ಮನೆಯ ಹಿತ್ತಿಲಿನ ತಗಡಿನ ಛಾವಣಿಯ ಕೆಳಗೆ, ಕೈಯಲ್ಲಿ ಬೆಸುಗೆಯ ಟಾರ್ಚು ಹಿಡಿದು ಕುಳಿತಿದ್ದಾಗ.

ಕಳೆದ ವರ್ಷ ದಾಸೋಹದ ಅಡುಗೆಮನೆಯ ಎರಡು ದೊಡ್ಡ ಸ್ಟೀಲ್ ಪಾತ್ರೆಗಳ ಬೆಸುಗೆ ಬಿರಿದು ಸಾರು ಜಿನುಗತೊಡಗಿತು. ಅವನ್ನು ನಮ್ಮ ಪ್ರಸಾದನಿಲಯದಲ್ಲಿ ಓದಿದ ಹಳೆಯ ವಿದ್ಯಾರ್ಥಿಯೊಬ್ಬರಲ್ಲಿಗೆ ಒಯ್ದೆವು. ಕಾರ್ಖಾನೆಯೊಂದರಲ್ಲಿ ಬಹುಕಾಲ ಬೆಸುಗೆಯ ಕೆಲಸ ಮಾಡಿ ನಿವೃತ್ತರಾದ ಅವರು ಈಗ ಮನೆಯ ಹಿತ್ತಿಲಿನಲ್ಲಿಯೇ ಸಣ್ಣದೊಂದು ಕಾರ್ಯಾಗಾರವನ್ನು ಇಟ್ಟುಕೊಂಡಿದ್ದಾರೆ. ಅವಸರವಾಗಿ ಬೇಕಾಗಿದ್ದ ಪಾತ್ರೆಯನ್ನು ಅವರು ನಮ್ಮ ಕಣ್ಣೆದುರಿನಲ್ಲಿಯೇ ಬೆಸೆದರು. ಅದನ್ನು ನೋಡುತ್ತಿದ್ದಂತೆ ನಮ್ಮಲ್ಲಿ ಒಂದು ನಾಚಿಕೆ ಹುಟ್ಟಿತು. ನುಲಿಯ ಚಂದಯ್ಯನವರು ಹಗ್ಗ ಹೊಸೆದುದನ್ನು, ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದುದನ್ನು ಮೂವತ್ತು ವರ್ಷಗಳಿಂದ ವೇದಿಕೆಗಳ ಮೇಲೆ ವರ್ಣಿಸುತ್ತ ಬಂದಿರುವ ನಾವು, ಲೇಖನಿಯ ಹೊರತು ಬೇರೊಂದು ಉಪಕರಣವನ್ನು ಹಿಡಿದು ಕಲಿತವರಲ್ಲ. "ನಮಗೂ ಇದನ್ನು ಕಲಿಸಿ" ಎಂದೆವು. ಅವರು ಮೊದಲು ನಕ್ಕರು, ಆಮೇಲೆ ಗಾಬರಿಗೊಂಡರು, ಕೊನೆಗೆ "ಬುದ್ಧಿ, ಕಲಿಯುವುದೇ ಆದರೆ ಈ ಶೆಡ್ಡಿನೊಳಗೆ ತಾವು ನಾನು ಹೇಳಿದಂತೆ ಕೇಳಬೇಕಾಗುತ್ತದೆ" ಎಂದರು. ಒಪ್ಪಿದೆವು. ಎರಡನೆಯ ಪಾತ್ರೆಗೆ ಅವಸರವಿರಲಿಲ್ಲ. ಅದನ್ನು ನಾವೇ ಬೆಸೆದು ದಾಸೋಹಕ್ಕೆ ಅರ್ಪಿಸಬೇಕೆಂದು ಮನಸ್ಸಿನಲ್ಲಿಯೇ ಸಂಕಲ್ಪಿಸಿ ಅಲ್ಲಿಯೇ ಬಿಟ್ಟು ಬಂದೆವು.

ಈ ವಿಧಾನಕ್ಕೆ ಟಿಗ್ ವೆಲ್ಡಿಂಗ್ ಎಂದು ಹೆಸರು. ಕೆಲಸಗಾರರ ಬಾಯಲ್ಲಿ ಆರ್ಗಾನ್ ವೆಲ್ಡಿಂಗ್. ಬೀದಿಯ ಬದಿಯಲ್ಲಿ ಕಿಟಕಿ, ಗೇಟುಗಳನ್ನು ಬೆಸೆಯುವಾಗ ಬಳಸುವ ಕಡ್ಡಿ ತಾನೇ ಕರಗಿ ಕೂಡಿನಲ್ಲಿ ಸೇರಿಹೋಗುತ್ತದೆ. ಇಲ್ಲಿ ಹಾಗಲ್ಲ. ಟಾರ್ಚಿನ ತುದಿಯಲ್ಲಿರುವುದು ಟಂಗ್‌ಸ್ಟನ್ ಲೋಹದ ಮೊನೆ. ಅದು ಕರಗಬೇಕಾದರೆ 3,400 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಶಾಖ ಬೇಕು. ಸ್ಟೀಲು 1,400 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತದೆ. ಆದ್ದರಿಂದ ಮೊನೆ ಉಳಿಯುತ್ತದೆ, ಅದರಿಂದ ಹೊರಟ ವಿದ್ಯುತ್ತಿನ ಜ್ವಾಲೆ ತಗಡಿನ ಅಂಚುಗಳನ್ನು ಕರಗಿಸಿ ಪುಟ್ಟದೊಂದು ಮಡುವನ್ನು ಮಾಡುತ್ತದೆ. ಬಲಗೈ ಟಾರ್ಚನ್ನು ನಡೆಸಬೇಕು. ಎಡಗೈ ಫಿಲ್ಲರ್ ಕಡ್ಡಿಯನ್ನು ಆ ಮಡುವಿನ ಅಂಚಿಗೆ ಅದ್ದಿ ಅದ್ದಿ ತೆಗೆಯಬೇಕು. ಪಾದವು ಪೆಡಲನ್ನು ಒತ್ತಿ ಶಾಖವನ್ನು ಏರಿಳಿಸಬೇಕು. ಕರಗಿದ ಲೋಹಕ್ಕೆ ಗಾಳಿ ತಗುಲಿದರೆ ಕೆಡುತ್ತದೆ; ಅದಕ್ಕಾಗಿ ಟಾರ್ಚಿನ ಬಾಯಿಂದ ಆರ್ಗಾನ್ ಅನಿಲ ಸುರಿಯುತ್ತಿರುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಕಡಿಮೆ ಇರುವ ಈ ಅನಿಲವನ್ನು 1894ರಲ್ಲಿ ರ‍್ಯಾಲೆ ಮತ್ತು ರಾಮ್ಸೆ ಎಂಬ ವಿಜ್ಞಾನಿಗಳು ಗುರುತಿಸಿದರು. ಯಾವುದರೊಡನೆಯೂ ಸುಲಭವಾಗಿ ಕೂಡದ ಇದಕ್ಕೆ ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂಬ ಅರ್ಥ ಬರುವ ಹೆಸರನ್ನಿಟ್ಟರು. ಈ ಬಗೆಯ ಬೆಸುಗೆಯನ್ನು 1940ರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನ ಕಾರ್ಖಾನೆಯಲ್ಲಿ ರಸೆಲ್ ಮೆರೆಡಿತ್ ಎಂಬವರು ರೂಢಿಗೆ ತಂದರು. ಅವರು ಬಳಸಿದ್ದು ಹೀಲಿಯಂ. ಇಂದು ಮನೆಯ ವಿದ್ಯುತ್ತಿನಿಂದಲೇ ನಡೆಯುವ ಸಣ್ಣ ಯಂತ್ರಗಳು ಬಂದಿರುವುದರಿಂದ ಹಿತ್ತಿಲಿನ ಶೆಡ್ಡಿನಲ್ಲಿಯೂ ಈ ಕೆಲಸ ಸಾಧ್ಯವಾಗಿದೆ.

ಮೊದಲ ಸಂಜೆ ಕಾವಿಯ ಸೆರಗನ್ನು ಬಿಗಿಯಾಗಿ ಕಟ್ಟಿಸಿ, ಮುಖಕ್ಕೆ ಕಪ್ಪು ಗಾಜಿನ ಮುಖವಾಡವನ್ನು ಹಾಕಿಸಿದರು. ಅದಿಲ್ಲದೆ ಆ ಬೆಳಕನ್ನು ನೋಡಿದರೆ ರಾತ್ರಿ ಕಣ್ಣಿಗೆ ಮರಳು ಹೊಯ್ದಂತೆ ಉರಿಯುತ್ತದೆ ಎಂದು ಎಚ್ಚರಿಸಿದರು. ತೊಗಲಿನ ಕೈಗವಸನ್ನು ಮುಂದೆ ಚಾಚಿದಾಗ ನಮ್ಮ ಕೈ ಒಂದು ಕ್ಷಣ ಹಿಂಜರಿಯಿತು. ಸಮಗಾರ ಹರಳಯ್ಯನವರ ಹೆಸರನ್ನು ಅದೆಷ್ಟು ಸಲ ಭಕ್ತಿಯಿಂದ ಉಚ್ಚರಿಸಿರುವೆವೆಂಬುದು ನೆನಪಾಗಿ, ಆ ಹಿಂಜರಿಕೆಗೆ ನಾಚಿ ತೊಟ್ಟುಕೊಂಡೆವು. ಜ್ವಾಲೆ ಹೊತ್ತಿದ ಮೂರನೆಯ ಕ್ಷಣದಲ್ಲಿಯೇ ಟಂಗ್‌ಸ್ಟನ್ ಮೊನೆ ಮಡುವಿಗೆ ತಗುಲಿತು. "ನಿಲ್ಲಿಸಬೇಕು ಬುದ್ಧಿ, ಮೊನೆ ಕೆಟ್ಟಿತು" ಎಂದರು. ಮೊನೆಯನ್ನು ಬಿಚ್ಚಿ, ಸಾಣೆಯ ಕಲ್ಲಿಗೆ ಉದ್ದುದ್ದ ಹಿಡಿದು ಚೂಪು ಮಾಡಿ, ಮತ್ತೆ ಜೋಡಿಸಬೇಕು. ಆ ಸಂಜೆ ಹದಿನಾಲ್ಕು ಸಲ ಹೀಗಾಯಿತು. ಜ್ವಾಲೆ ಆರಿದೊಡನೆ ಕೈ ಎತ್ತುವ ಆತುರವೂ ತಪ್ಪೇ. ಕೆಂಪಾದ ಲೋಹ ಆರುವ ತನಕ ಅನಿಲ ಅದರ ಮೇಲೆ ಹರಿಯುತ್ತಿರಲೆಂದು ಕೈಯನ್ನು ಅಲ್ಲಿಯೇ ತಡೆದು ಹಿಡಿಯಬೇಕು.

ಎರಡು ತಿಂಗಳು ಕಳೆದ ಮೇಲೆ ಒಂದು ದಿನ, ಎರಡು ಕಬ್ಬಿಣದ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಬೆಸೆದೆವು. ಅಲೆಅಲೆಯಾಗಿ, ಒಂದರ ಮೇಲೊಂದು ಒರಗಿದ ನಾಣ್ಯಗಳಂತೆ ಬೆಸುಗೆ ಮೂಡಿಬಂದಿತ್ತು. ಹಿಗ್ಗಿನಿಂದ ಗುರುಗಳ ಕೈಗಿತ್ತೆವು. ಹೌದು, ಅಷ್ಟು ಹೊತ್ತಿಗೆ ಅವರನ್ನು ಹಾಗೆಂದೇ ಭಾವಿಸಿದ್ದೆವು. ಅವರು ಮೇಲ್ಭಾಗವನ್ನು ನೋಡಲೇ ಇಲ್ಲ. ಪಟ್ಟಿಯನ್ನು ಮಗುಚಿದರು. ಹಿಂಬದಿಯಲ್ಲಿ ಎರಡು ಅಂಚುಗಳ ನಡುವಿನ ಗೆರೆ ಕರಗದೆ ಹಾಗೆಯೇ ಉಳಿದಿತ್ತು. ಪಟ್ಟಿಯನ್ನು ವೈಸಿಗೆ ಕೊಟ್ಟು ಸುತ್ತಿಗೆಯಿಂದ ಎರಡು ಏಟು ಹಾಕಿದರು; ಬೆಸುಗೆ ಬಾಯಿಬಿಟ್ಟಿತು. ಆ ಬಿರುಕಿನಲ್ಲಿ ಕಂಡ ಬೂದುಬಣ್ಣದ ನೇರ ಅಂಚನ್ನು ನೋಡಿ ನಮಗೆ ಮೈ ತಣ್ಣಗಾಯಿತು. ಅಂತಹುದೇ ಅಂಚನ್ನು ಹಿಂದೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೆವು.

ಅದು ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ಭಕ್ತರೊಬ್ಬರು ವಿದ್ಯಾರ್ಥಿಗಳಿಗಾಗಿ ಒಂದರ ಮೇಲೊಂದಿರುವ ಕಬ್ಬಿಣದ ಮಂಚಗಳನ್ನು ಸ್ವತಃ ಬೆಸೆದು, ಒಂದು ಕಾಸನ್ನೂ ಪಡೆಯದೆ ತಂದೊಪ್ಪಿಸಿದರು. ಅವರ ಭಕ್ತಿಯಲ್ಲಿ ಲೇಶವೂ ಕಪಟವಿರಲಿಲ್ಲ. ನಿಲಯದ ಮೇಲ್ವಿಚಾರಕರು "ಒಮ್ಮೆ ಬಲ್ಲವರಿಗೆ ತೋರಿಸೋಣವೆ?" ಎಂದಾಗ, "ಸೇವೆಯನ್ನು ಪರೀಕ್ಷಿಸುವುದು ಸೇವೆ ಮಾಡಿದವರನ್ನು ಅವಮಾನಿಸಿದಂತೆ" ಎಂದು ತಡೆದವರು ನಾವೇ. ಮೂರನೆಯ ತಿಂಗಳಿನ ಒಂದು ರಾತ್ರಿ ಮೇಲಿನ ಮಂಚದ ಕೂಡು ಕಳಚಿತು. ಹುಡುಗನ ಬಲಗೈ ಮುರಿಯಿತು. ಆ ವರ್ಷದ ಪರೀಕ್ಷೆಯನ್ನು ಬರೆಯಲು ಅವನಿಗೆ ಆಗಲಿಲ್ಲ. ಅವನ ತಂದೆ ಬಂದಾಗ "ಶಿವನ ಇಚ್ಛೆ" ಎಂದೆವು. ಅವರು ಮರುಮಾತಾಡದೆ ನಮಸ್ಕರಿಸಿ ಹೋದರು. ಅದು ಶಿವನ ಇಚ್ಛೆಯಾಗಿರಲಿಲ್ಲ; ಕರಗದೆ ಉಳಿದ ಕಬ್ಬಿಣವಾಗಿತ್ತು. ಇದನ್ನು ತಿಳಿಯಲು ನಮಗೆ ಹದಿನೆಂಟು ವರ್ಷ ಹಿಡಿಯಿತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಬೇಡರ ಕಣ್ಣಪ್ಪನು ವಿಧಿಯರಿಯದೆ ಅರ್ಪಿಸಿದುದನ್ನು ಶಿವನು ಕೈಕೊಂಡನಲ್ಲವೆ? ಅಲ್ಲಿ ಭಾವಕ್ಕಿಂತ ಬೇರೆ ಏನನ್ನು ನೋಡಲಾಯಿತು? ಈ ಆಕ್ಷೇಪ ಯೋಗ್ಯವಾದುದೇ. ಆದರೆ ಅರ್ಪಣೆಯನ್ನು ಪಡೆದವನು ಯಾರೆಂಬುದನ್ನು ನೆನೆಯಬೇಕು. ಶಿವನಿಗೆ ಹಸಿವಿಲ್ಲ, ಶಿವನ ಕೈ ಮುರಿಯುವುದಿಲ್ಲ. ಅವನಿಗೆ ಕೊಟ್ಟುದರಲ್ಲಿ ಕುಂದಿದ್ದರೆ ಅದು ಅವನನ್ನು ನೋಯಿಸದು. ಆದ್ದರಿಂದ ಅಲ್ಲಿ ಭಾವವೊಂದೇ ಉಳಿಯುತ್ತದೆ. ಆದರೆ ದಾಸೋಹದಲ್ಲಿ ನಾವು ಕೊಡುವುದು ಹಸಿವು ನೋವುಗಳುಳ್ಳ ದೇಹಕ್ಕೆ. ಮಂಚದ ಮೇಲೆ ಮಲಗುವ ಹುಡುಗನಿಗೆ ನಮ್ಮ ಭಾವ ತಲುಪುವುದು ಬೆಸುಗೆಯ ಮೂಲಕವೇ. ಬೆಸುಗೆ ಕಳಚಿದರೆ ಭಾವ ನಮ್ಮಲ್ಲಿಯೇ ಉಳಿಯಿತು, ಪೆಟ್ಟು ಅವನಿಗೆ ಹೋಯಿತು.

ಪಾಶ್ಚಾತ್ಯ ದಾರ್ಶನಿಕರಲ್ಲಿ ಸದಿಚ್ಛೆಗೆ ಅತ್ಯುನ್ನತ ಸ್ಥಾನವನ್ನು ಕೊಟ್ಟವನು ಇಮ್ಯಾನ್ಯುಯೆಲ್ ಕಾಂಟ್. ಯಾವ ನಿರ್ಬಂಧವೂ ಇಲ್ಲದೆ ಒಳ್ಳೆಯದೆನಿಸುವುದು ಸದಿಚ್ಛೆಯೊಂದೇ ಎಂದು ಅವನು 1785ರಲ್ಲಿ ಪ್ರತಿಪಾದಿಸಿದನು. ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಇಷ್ಟನ್ನು ಮಾತ್ರ ನೆನಪಿಟ್ಟುಕೊಂಡಿದ್ದೆವು. ಆದರೆ ಅವನು ಅಲ್ಲಿಯೇ ಇನ್ನೊಂದನ್ನೂ ಸೇರಿಸಿದ್ದಾನೆ: ಸದಿಚ್ಛೆಯೆಂದರೆ ಬರಿಯ ಹಾರೈಕೆಯಲ್ಲ, ನಮ್ಮ ಕೈಲಾಗುವ ಸಾಧನಗಳನ್ನೆಲ್ಲ ಒಟ್ಟುಗೂಡಿಸಿ ತೊಡಗುವುದು. ಬಲ್ಲವರನ್ನು ಕೇಳುವುದು ನಮ್ಮ ಕೈಲಿತ್ತು. ಮಂಚವನ್ನು ಒಮ್ಮೆ ಅಲುಗಿಸಿ ನೋಡುವುದು ಕೈಲಿತ್ತು. ಅವನ್ನು ಬಿಟ್ಟ ಮೇಲೆ ನಮ್ಮಲ್ಲಿದ್ದುದು ಸದಿಚ್ಛೆಯೇ ಅಲ್ಲ, ಅದರ ನೆರಳು.

ಶರಣರು ಇದನ್ನು ಬಹು ಹಿಂದೆಯೇ ಬಲ್ಲವರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಅದು ತಮಗಾಗಿ ಅಲ್ಲ, ಜಂಗಮ ದಾಸೋಹಕ್ಕಾಗಿ. ಅವರ ಭಾವದಲ್ಲಿ ದೋಷವೆಲ್ಲಿತ್ತು? ಆದರೂ ಲಕ್ಕಮ್ಮನವರು ಆ ಅಕ್ಕಿಯನ್ನು ಒಲೆಯ ಮೇಲಿಡಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಚೆಲ್ಲಿ ಬರಲು ಪತಿಯನ್ನು ಕಳುಹಿಸಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಈ ಕಥೆಯನ್ನು ಹೇಳುವಾಗಲೆಲ್ಲ ನಾವು ಲಕ್ಕಮ್ಮನವರ ನಿಷ್ಠುರತೆಯನ್ನು ಕೊಂಡಾಡುತ್ತೇವೆ. ತಪ್ಪನ್ನು ಎತ್ತಿ ತೋರಿಸಿದಾಗ ಹಿಂದಿರುಗಿ ನಡೆದ ಮಾರಯ್ಯನವರ ಹೆಜ್ಜೆಗಳನ್ನು ಕುರಿತು ಎಷ್ಟು ಜನ ಯೋಚಿಸಿರುವೆವು? ಮಠಗಳಲ್ಲಿ ಇಂದು ಮಾರಯ್ಯರು ಇರಬಹುದು. ಬೇಡವೆನ್ನಬಲ್ಲ ಲಕ್ಕಮ್ಮನಿಗೆ ನಾವು ಎಡೆ ಮಾಡಿಕೊಟ್ಟಿರುವೆವೆ? ಸ್ವಾಮಿಗಳ ಮಾತಿಗೆ ಇಲ್ಲವೆನ್ನುವವರು ಸುತ್ತಮುತ್ತ ಯಾರೂ ಇರುವುದಿಲ್ಲ. ಅದು ಗೌರವವೆಂದು ತೋರುತ್ತದೆ. ಪರಿಣಾಮದಲ್ಲಿ ಅದೊಂದು ಅಪಾಯ.

ನಮಗೆ ಇಲ್ಲವೆನ್ನುವವರು ಸಿಕ್ಕಿದುದು ಆ ಶೆಡ್ಡಿನಲ್ಲಿ. ಆರನೆಯ ತಿಂಗಳು ನಾವು ಸ್ಟೀಲಿನ ತಗಡುಗಳನ್ನು ಬೆಸೆಯತೊಡಗಿದ್ದೆವು. ಈಗ ಶಾಖ ಹಿಂಬದಿಯವರೆಗೂ ಹೋಗುತ್ತಿತ್ತು, ಏಟಿಗೆ ಕೂಡು ಬಿಡುತ್ತಿರಲಿಲ್ಲ. ಮೂಲೆಯಲ್ಲಿದ್ದ ಪಾತ್ರೆಯನ್ನು ತೋರಿಸಿ, "ಇನ್ನು ಅದನ್ನು ನಾವೇ ಬೆಸೆದು ದಾಸೋಹಕ್ಕೆ ಅರ್ಪಿಸುವೆವು" ಎಂದೆವು. ಅವರು ನಮ್ಮ ತಗಡನ್ನು ಮಗುಚಿ ಹಿಡಿದರು. ಮೇಲ್ಭಾಗ ಹೊನ್ನಿನ ಬಣ್ಣಕ್ಕೆ ಹೊಳೆಯುತ್ತಿದ್ದರೂ ಹಿಂಬದಿ ಕರಿದಾಗಿ, ಸುಟ್ಟ ಸಕ್ಕರೆಯಂತೆ ತರಿತರಿಯಾಗಿತ್ತು. ಟಾರ್ಚಿನ ಆರ್ಗಾನ್ ಮುಂಬದಿಯನ್ನು ಮಾತ್ರ ಕಾಯುತ್ತದೆ. ಹಿಂಬದಿಗೆ ಗಾಳಿ ತಗುಲಿದರೆ ತುಕ್ಕನ್ನು ತಡೆಯುವ ಕ್ರೋಮಿಯಂ ಅಲ್ಲಿ ಸುಟ್ಟುಹೋಗುತ್ತದೆ. "ತಾವು ತಪ್ಪು ತಿಳಿಯಬಾರದು ಬುದ್ಧಿ. ಇದು ಪಾತ್ರೆಯ ಒಳಮಗ್ಗುಲಾಗುತ್ತದೆ. ಈ ತರಿಯಲ್ಲಿ ಅನ್ನ ಸಿಕ್ಕಿಕೊಂಡು ಕೊಳೆಯುತ್ತದೆ, ಎಷ್ಟು ತೊಳೆದರೂ ಹೋಗದು. ಅದರಲ್ಲಿ ಉಣ್ಣುವವರು ಮಕ್ಕಳು. ಇದಕ್ಕೆ ತಮ್ಮ ಕೈ ಇನ್ನೂ ಬಂದಿಲ್ಲ" ಎಂದರು.

ನಮಗೆ ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅಂದು ಮಠಕ್ಕೆ ಹಿಂದಿರುಗದೆ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ನಂದಿಯ ಬಳಿ ಕುಳಿತೆವು. ದೊಡ್ಡ ದೇವರಾಜ ಒಡೆಯರ (1659–1673) ಕಾಲದ, ಸುಮಾರು 16 ಅಡಿ ಎತ್ತರದ ಆ ನಂದಿ ಒಂದೇ ಬಂಡೆಯಲ್ಲಿ ಮೂಡಿದುದು. ಅದನ್ನು ಕಡೆದವನ ಉಳಿ ಒಮ್ಮೆ ಜಾರಿದ್ದರೆ ಮತ್ತೆ ಕೂಡಿಸುವ ಬಗೆಯಿರಲಿಲ್ಲ. ನಮ್ಮ ತಗಡನ್ನಾದರೋ ಕತ್ತರಿಸಿ, ಉಜ್ಜಿ, ನೂರು ಸಲ ಬೆಸೆಯಬಹುದು. ತಿದ್ದಿಕೊಳ್ಳಲು ಇಷ್ಟು ಅವಕಾಶವಿರುವ ವಿದ್ಯೆಯಲ್ಲಿ, ತಿದ್ದಿದವರ ಮೇಲೆ ಮುನಿಯುವುದು ಎಂತಹ ಅವಿವೇಕ! ಹುಡುಗನ ತಂದೆಯ ಮೌನಕ್ಕಿಂತ ಈ ಶಿಷ್ಯನ ನಿರಾಕರಣೆ ನಮಗೆ ಹೆಚ್ಚು ಉಪಕಾರ ಮಾಡಿತೆಂಬುದು ಅಲ್ಲಿ ಮನಸ್ಸಿಗೆ ಬಂದಿತು.

ಮರುವಾರ ಆ ಪಾತ್ರೆಯನ್ನು ಅವರೇ ಬೆಸೆದರು. ಒಳಬದಿಯ ಕೂಡಿಗೆ ಮರೆ ಕಟ್ಟಿ, ಅಲ್ಲಿಗೂ ಒಂದು ಕೊಳವೆಯಿಂದ ಆರ್ಗಾನನ್ನು ಹರಿಸಬೇಕಾಗಿತ್ತು. ಆ ಕೊಳವೆಯನ್ನು ಅಲುಗದಂತೆ ಹಿಡಿದು ನಿಲ್ಲುವ ಕೆಲಸ ನಮಗೆ ಬಂದಿತು. ಒಂದು ಗಂಟೆ ಸುಮ್ಮನೆ ಹಿಡಿದು ನಿಂತಿದ್ದೆವು. ಆರಿದ ಮೇಲೆ ಒಳಗೆ ಬೆರಳಾಡಿಸಿದಾಗ ಕೂಡು ನುಣುಪಾಗಿತ್ತು. ಸೋಮಾರಿಯೆಂದು ಹೆಸರು ಪಡೆದ ಅನಿಲ ಕಾಣದ ಮಗ್ಗುಲಿನಲ್ಲಿ ನಿಂತು ತನ್ನ ಕೆಲಸವನ್ನು ಮಾಡಿತ್ತು.

ಸದ್ಭಕ್ತರೇ, ಮಠದ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ವೈದ್ಯರಿದ್ದೀರಿ, ಅಡುಗೆಯವರಿದ್ದೀರಿ, ಮೇಸ್ತ್ರಿಗಳಿದ್ದೀರಿ. ಮಠಕ್ಕೆ ಸೇವೆಯೆಂದು ಏನನ್ನೇ ತರುವಾಗ, ಹಣ ಪಡೆದು ಮಾಡುವ ಕೆಲಸಕ್ಕಿಂತ ಒಂದು ಸಲ ಹೆಚ್ಚಾಗಿ ಅದನ್ನು ಮಗುಚಿ ನೋಡಿರಿ. ಬೇರೆಯವರು ತಂದುದರಲ್ಲಿ ದೋಷ ಕಂಡರೆ, ನಮ್ಮ ಮುಖ ನೋಡಿ ಸುಮ್ಮನಾಗಬೇಡಿರಿ, ಬಂದು ಹೇಳಿರಿ. ನಾವೂ ಇನ್ನು ಮುಂದೆ ಬಲ್ಲವರು ಪರೀಕ್ಷಿಸದ ಹೊರತು, ಜನ ಬಳಸುವ ಯಾವ ವಸ್ತುವನ್ನೂ ಸ್ವೀಕರಿಸುವುದಿಲ್ಲವೆಂದು ನಿಶ್ಚಯಿಸಿರುವೆವು. ಕೈ ಮುರಿದುಕೊಂಡ ಆ ಹುಡುಗನು ಈಗ ಗೃಹಸ್ಥನು. ಅವನ ತಂದೆಯೂ ಇದ್ದಾರೆ. ಅವರ ಊರಿಗೆ ಹೋಗಿ, ಅಂದು ಶಿವನ ಮೇಲೆ ಹೊರಿಸಿದ ಹೊರೆ ನಮ್ಮದೆಂದು ಹೇಳಿ ಬಂದೆವು. ಭಾವಶುದ್ಧಿ ಬೇಕು, ಅದಿಲ್ಲದೆ ಕೆಲಸ ಕೂಲಿಯಾದೀತು. ಆದರೆ ಭಾವ ಶುದ್ಧವಾಗಿದೆಯೆಂಬುದಕ್ಕೆ ಕೈ ಸಾಕ್ಷಿ ಹೇಳಬೇಕು. ವಾರಕ್ಕೆ ಎರಡು ಸಂಜೆ ನಾವು ಈಗಲೂ ಬೆಟ್ಟದ ಪಾದಕ್ಕೆ ಹೋಗುತ್ತೇವೆ. ಗುಜರಿಯ ತಗಡುಗಳನ್ನು ಬೆಸೆಯುತ್ತೇವೆ, ಮಗುಚಿ ನೋಡುತ್ತೇವೆ, ಮತ್ತೆ ಕತ್ತರಿಸುತ್ತೇವೆ.