ಪ್ರಜಾಧನವೂ ಪದಕಕೀರ್ತಿಯೂ

ಒಲಿಂಪಿಕ್ ಕ್ರೀಡೋತ್ಸವಕ್ಕೆ ದೊಡ್ಡ ತಂಡಗಳನ್ನು ಕಳುಹಿಸಲು ಸರ್ಕಾರವು ಪ್ರಜೆಗಳ ಧನವನ್ನು ವ್ಯಯಮಾಡುವುದು ಯುಕ್ತವೇ ಎಂಬ ಪ್ರಶ್ನೆಯು ವಿಚಾರಾರ್ಹವಾದುದು. 2024ರಲ್ಲಿ ಭಾರತದಿಂದ ಪ್ಯಾರಿಸ್ ನಗರಕ್ಕೆ ಹೋದ ಕ್ರೀಡಾಪಟುಗಳು 117 ಮಂದಿ. ದೊರೆತ ಪದಕಗಳು 6. ಪದಕವೇ ಫಲವಾದರೆ ಇದು ನಷ್ಟದ ವ್ಯಾಪಾರವೆಂಬುದು ಪೂರ್ವಪಕ್ಷ.

ಆದರೆ 1952ರ ಸಂಗತಿಯನ್ನು ಸ್ಮರಿಸತಕ್ಕದ್ದು. ಕುಸ್ತಿಯ ಮಲ್ಲರಾದ ಖಾಶಾಬಾ ಜಾಧವರು ಹೆಲ್ಸಿಂಕಿಗೆ ಹೋಗಲು ಊರವರಿಂದ ಹಣ ಕೂಡಿಸಬೇಕಾಯಿತು. ಅವರು ತಂದ ಕಂಚಿನ ಪದಕವು ಸ್ವತಂತ್ರ ಭಾರತಕ್ಕೆ ದೊರೆತ ಮೊದಲನೆಯ ವೈಯಕ್ತಿಕ ಪದಕ. ದೇಶವೆಲ್ಲವೂ ಅದನ್ನು ತನ್ನದೆಂದಿತು. ಕೀರ್ತಿಯಲ್ಲಿ ಪಾಲು ಪಡೆಯುವವರು ಕಷ್ಟದಲ್ಲಿ ಪಾಲುಗೊಳ್ಳದಿರುವುದು ಧರ್ಮವಲ್ಲ. ಆದಕಾರಣ ಅರ್ಹತೆ ಪಡೆದವರ ವೆಚ್ಚವು, ಅವರು ಸೋತು ಬಂದರೂ, ರಾಜ್ಯದ ಋಣವೇ ಸರಿ.

ಋಣವು ಅಲ್ಲಿಗೇ ತೀರದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಾರನು ನೀರನ್ನು ತೆಂಗಿನ ಬುಡಕ್ಕೆ ಹಾಯಿಸುವನೇ ಹೊರತು ಗೊನೆಗೆ ಎರೆಯನು. ಸಸಿಯು ಫಲಕ್ಕೆ ಬರಲು ಆರೇಳು ವರ್ಷ ಕಾಯುವನು. ತಂಡವೆಂಬುದು ಗೊನೆ, ಹಳ್ಳಿಯ ಶಾಲೆಯ ಆಟದ ಬಯಲು ಬುಡ. ಮಕ್ಕಳಿಗೆ ಬಯಲನ್ನು ಕೊಡದ ಸರ್ಕಾರವು ದೊಡ್ಡ ತಂಡವನ್ನು ಕಳುಹಿಸಿದರೆ ಅದು ಆಡಂಬರ. ಬಯಲನ್ನು ಕೊಟ್ಟ ಬಳಿಕ ತಂಡವು ಎಷ್ಟು ದೊಡ್ಡದಾದರೂ ಆ ವ್ಯಯವು ನ್ಯಾಯವೇ.