ಮೊಬೈಲಿನೊಳಗಿನ ಮಣ್ಣು

"ಅಕ್ಕೋರ, ಮೊಬೈಲ್ ಒಳಗ ಏನಿರತೈತ್ರಿ?" ಕಲಘಟಗಿಯ ನಮ್ಮ ಶಾಲೆಯ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು. "ಮಣ್ಣು" ಎಂದೆ. ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಕೋಲ್ಟಾನ್ ಎಂಬ ಕಪ್ಪು ಅದಿರಿನಿಂದ ಟ್ಯಾಂಟಲಮ್ ಲೋಹ ತೆಗೆಯುತ್ತಾರೆ. ಮೊಬೈಲಿಗೆ ಅದು ಬೇಕು. ಆಫ್ರಿಕದ ಪೂರ್ವ ಕಾಂಗೋದಲ್ಲಿ ಬಡವರು ಗುದ್ದಲಿ, ಸಲಿಕೆಗಳಿಂದ ಈ ಅದಿರು ಅಗೆಯುತ್ತಾರೆ. ಕೈಯಿಂದ ಅಗೆಯುವುದು ಪಾಪವಲ್ಲ. ನಮ್ಮ ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲೂ ಜಲಗಾರರು ಮರಳು ತೊಳೆದು ಚಿನ್ನದ ಕಣ ಹುಡುಕುತ್ತಿದ್ದರು. ಆದರೆ ಕಾಂಗೋದ ರುಬಾಯಾ ಗಣಿ 2024ರಲ್ಲಿ ಎಂ23 ಬಂಡುಕೋರರ ಕೈಸೇರಿತು. ಅಗೆದವರ ಬೆವರಿನ ಮೇಲೆ ಬಂದೂಕಿನವರು ಸುಂಕ ಎತ್ತಿದರು.

ಹಾಗಾದರೆ ಕೊಳ್ಳುವುದನ್ನೇ ಬಿಡೋಣವೇ? 2010ರಲ್ಲಿ ಅಮೆರಿಕ ಕಾನೂನು ಮಾಡಿ, ಅದಿರು ಎಲ್ಲಿಯದೆಂದು ಕಂಪನಿಗಳನ್ನು ಕೇಳಿತು. ಹಲವರು ಕಾಂಗೋದ ಅದಿರೇ ಬೇಡವೆಂದು ಕೈ ತೊಳೆದುಕೊಂಡರು. ಬಂದೂಕು ಸುಮ್ಮನಾಗಲಿಲ್ಲ, ಗುದ್ದಲಿ ಹಿಡಿದ ಎಷ್ಟೋ ಜನರ ಒಲೆ ಆರಿತು.

ನಮ್ಮ ಕೈ ಶುದ್ಧವಾದರೆ ಸಾಕೇ? ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಯಾವೂರದೆಂದು ಕೇಳುವ ನಾವು, ಅಗೆದವರಿಗೆ ಕೂಲಿ ಸಿಕ್ಕಿತೇ ಎಂದು ಕೇಳಬಾರದೇ? ಬಿಟ್ಟುಬಿಡುವುದು ಸುಲಭ, ಬಿಡದೆ ಕೇಳುತ್ತಿರುವುದು ಕಷ್ಟ.

ಮಗ ಹೊಸ ಫೋನ್ ಕೊಡಿಸುತ್ತೇನೆಂದ. "ಇದು ಇನ್ನೂ ಮಾತಾಡತೈತಿ, ಇರಲಿ ಬಿಡಪಾ" ಎಂದೆ. ಇದರಿಂದ ಅಲ್ಲಿ ಯಾರಿಗೂ ನ್ಯಾಯ ಸಿಗದು, ಬಲ್ಲೆ. ಆದರೂ ಅದನ್ನೀಗ ಮೇಜಿನ ಮೇಲೆ ಎಸೆಯುವುದಿಲ್ಲ.