ಮೌನವೂ ಮಾತೂ

ಮಿತಭಾಷೆಯು ಸಜ್ಜನರ ಲಕ್ಷಣವೆಂಬುದು ಹಿರಿಯರ ಮತ. ಆದರೆ ಸಂಯಮದ ಮೌನವಾವುದು, ಭಯದ ಮೌನವಾವುದು? ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಈ ವಿವೇಚನೆಗೆ ಗ್ರೀಸ್ ದೇಶದ ಕವಿ ಯೋರ್ಗೊಸ್ ಸೆಫೆರಿಸರ ಬಾಳು ಒಂದು ನಿದರ್ಶನವಾಗಿದೆ.

ಸೆಫೆರಿಸರು 1900ರಲ್ಲಿ ಏಷ್ಯಾಮೈನರಿನ ಸ್ಮಿರ್ನಾ ಪಟ್ಟಣದಲ್ಲಿ ಜನಿಸಿದರು. 1914ರಲ್ಲಿ ಅವರ ಕುಟುಂಬವು ಅಥೆನ್ಸ್ ನಗರಕ್ಕೆ ಬಂದಿತು. 1922ರಲ್ಲಿ ಸ್ಮಿರ್ನಾ ಅಗ್ನಿಗೆ ಆಹುತಿಯಾಗಿ, ಅಲ್ಲಿಯ ಗ್ರೀಕರು ದಿಕ್ಕುಪಾಲಾದರು. ನೀಗಿಹೋದ ತವರಿನ ವ್ಯಥೆಯು ಅವರ ಕಾವ್ಯದಲ್ಲಿ ಒಳಸೆಲೆಯಾಗಿ ಹರಿಯಿತು. ಜೀವನೋಪಾಯಕ್ಕೆ ವಿದೇಶಾಂಗ ಸೇವೆಯನ್ನು ಕೈಕೊಂಡ ಅವರು ಲಂಡನ್ನಿನಲ್ಲಿ ರಾಯಭಾರಿಯಾಗಿದ್ದು, 1962ರಲ್ಲಿ ನಿವೃತ್ತರಾದರು. ಮರುವರ್ಷವೇ ನೊಬೆಲ್ ಪಾರಿತೋಷಕವು ಲಭಿಸಿತು. ಗ್ರೀಕರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು.

1967ರ ಏಪ್ರಿಲ್ 21ರಂದು ಸೇನಾಧಿಕಾರಿಗಳು ರಾಜ್ಯಾಧಿಕಾರವನ್ನು ಬಲಾತ್ಕಾರದಿಂದ ವಶಪಡಿಸಿಕೊಂಡರು. ಅನೇಕರು ಸೆರೆಮನೆಗೂ ದ್ವೀಪಗಳ ಗಡೀಪಾರಿಗೂ ಗುರಿಯಾದರು. ಸೆಫೆರಿಸರು ಸರ್ಕಾರದ ಅಂಕೆಗೊಳಪಟ್ಟು ಕೃತಿಗಳನ್ನು ಪ್ರಕಟಿಸಲು ಒಪ್ಪಲಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆಹ್ವಾನ ಬಂದಾಗ, ತಾಯ್ನಾಡಿನಲ್ಲಿಲ್ಲದ ವಾಕ್‌ಸ್ವಾತಂತ್ರ್ಯವನ್ನು ಪರದೇಶದಲ್ಲಿ ಅನುಭವಿಸಲೊಲ್ಲದೆ ಅದನ್ನೂ ನಿರಾಕರಿಸಿದರು. ಆದರೂ ಬಹಿರಂಗವಾಗಿ ಬಾಯಿ ತೆರೆಯಲಿಲ್ಲ.

ಕೊನೆಗೆ 1969ರ ಮಾರ್ಚ್ 28ರಂದು ಅವರ ಹೇಳಿಕೆಯು ಬಿ.ಬಿ.ಸಿ. ರೇಡಿಯೋದ ಮೂಲಕ ಜನರ ಕಿವಿಗೆ ಬಿದ್ದಿತು. ತಮಗೆ ಯಾವ ರಾಜಕೀಯದ ನಂಟೂ ಇಲ್ಲವೆಂದೂ, ನಿರಂಕುಶ ಪ್ರಭುತ್ವದ ಅಂತ್ಯದಲ್ಲಿ ದುರಂತವೇ ಕಾದಿರುವುದೆಂದೂ, ಈ ಸ್ಥಿತಿಯು ಕೊನೆಗಾಣಲೇಬೇಕೆಂದೂ ತಿಳಿಸಿ, ಮತ್ತೆ ಮೌನಕ್ಕೆ ಮರಳುವುದಾಗಿ ಹೇಳಿದರು. ಸರ್ಕಾರವು ಅವರ ಗೌರವ ರಾಯಭಾರಿ ಪದವಿಯನ್ನೂ ರಾಯಭಾರಿಗಳಿಗೆ ಸಲ್ಲುವ ರಹದಾರಿಯನ್ನೂ ಕಸಿದುಕೊಂಡಿತು. 1971ರ ಸೆಪ್ಟೆಂಬರಿನಲ್ಲಿ ಅವರು ಕಾಲವಶರಾದಾಗ, ಅಂತ್ಯಯಾತ್ರೆಯಲ್ಲಿ ನೆರೆದ ಸಾವಿರಾರು ಮಂದಿ ಅವರದೇ ಕವಿತೆಯೊಂದನ್ನು ಹಾಡಿದರು. ಅದಕ್ಕೆ ರಾಗಸಂಯೋಜನೆ ಮಾಡಿದ್ದ ಥಿಯೊಡೊರಾಕಿಸರ ಸಂಗೀತವನ್ನು ಸರ್ಕಾರವು ನಿಷೇಧಿಸಿತ್ತು! 1974ರಲ್ಲಿ ಆ ಪ್ರಭುತ್ವವೂ ಉರುಳಿತು.

ಎರಡು ವರ್ಷ ಕಾದುದು ತಪ್ಪಲ್ಲವೆ ಎಂದು ಕೇಳಬಹುದು. ಸೆರೆಯಲ್ಲಿದ್ದವರಿಗೆ ಆ ಕಾಲವು ಅಲ್ಪವಾಗಿರಲಿಲ್ಲ, ಪ್ರಶ್ನೆ ನ್ಯಾಯವಾದುದೇ. ಆದರೆ ಆ ಮೌನದಿಂದ ಅವರು ಯಾವ ಲಾಭವನ್ನೂ ಪಡೆಯಲಿಲ್ಲ. ಬಂದ ಮಾನವನ್ನೂ ಬಿಟ್ಟುಕೊಟ್ಟರು. ಮಾತನಾಡಿದ ಮೇಲೆ ಅದರ ಬಲದಿಂದ ನಾಯಕತ್ವವನ್ನೂ ಬಯಸಲಿಲ್ಲ. ಮೌನದ ಪರೀಕ್ಷೆ ಇಲ್ಲಿಯೇ ಇದೆ. ನಾವು ಸುಮ್ಮನಿರುವುದರಿಂದ ನಮ್ಮ ಸ್ಥಾನವೂ ಸೌಖ್ಯವೂ ಉಳಿಯುವುದಾದರೆ ಅದು ಭಯದ ಮೌನ. ಸುಮ್ಮನಿದ್ದೂ ಕಳೆದುಕೊಳ್ಳಲು ಸಿದ್ಧನಾದವನು, ಹೊತ್ತು ಬಂದಾಗ ನುಡಿಯಲೂ ಸಿದ್ಧನಾಗಿರುತ್ತಾನೆ. ಅಂಥವನ ಒಂದು ಮಾತಿಗೆ ನೂರು ಭಾಷಣಗಳಿಗಿಲ್ಲದ ತೂಕವಿರುತ್ತದೆ.